ಗದ್ದೆ ಬದುವಿನ ತಂಬಿಟ್ಟು

ಹೊನ್ನೆಕಜೆ ಮನೆ, ಕಕ್ಕಬೆ
೨೮ ಅಕ್ಟೋಬರ್ ೨೦೨೪

ಕವನಾ,

ನಾನು ಹೊನ್ನೆಕಜೆ ಮನೆಯ ದಮಯಂತಿ. ತೀರಿಕೊಂಡ ಉತ್ತಯ್ಯನವರ ಹೆಂಡತಿ. ವಯಸ್ಸು ಎಪ್ಪತ್ತೊಂದು. ಎಸ್ಸೆಸ್ಸೆಲ್ಸಿಯನ್ನು ಒಂದೇ ಸಲಕ್ಕೆ ಪಾಸು ಮಾಡಿದವಳು. ನನ್ನ ಕಾಲದಲ್ಲಿ ಈ ಊರಿನಿಂದ ಹಾಗೆ ಪಾಸಾದ ಹೆಣ್ಣುಮಕ್ಕಳು ಇಬ್ಬರೇ. ಇಪ್ಪತ್ತಾರು ವರ್ಷಗಳಿಂದ ಈ ಮನೆ, ಹನ್ನೆರಡು ಎಕರೆ ಕಾಫಿ, ಮೂರು ಎಕರೆ ಗದ್ದೆ ನನ್ನ ಮಾತಿನಂತೆ ನಡೆದಿವೆ. ಮಹಿಳಾ ಸಮಾಜಕ್ಕೆ ಎರಡು ಸಲ ಅಧ್ಯಕ್ಷೆಯಾಗಿದ್ದೆ. ಮೂರನೆಯ ಸಲ ಕೇಳಿದಾಗ ನಾನೇ ಬೇಡ ಎಂದೆ.

ಅಜ್ಜಿ ಯಾರು ಎಂದು ಮೊದಲ ಪುಟದಲ್ಲಿ ಬರೆಯಬೇಕು ಎಂದು ನಿನ್ನ ಟೀಚರ್ ಹೇಳಿದ್ದಾರಲ್ಲ, ಮೇಲಿನದನ್ನು ಹಾಗೆಯೇ ಇಳಿಸಿಕೋ. ಒಂದು ಅಕ್ಷರವನ್ನೂ ಬಿಡಬೇಡ, ಸೇರಿಸಲೂ ಬೇಡ.

ಚಳಿಗಾಲದಲ್ಲಿ ಮಕ್ಕಳೇ ಮನೆಯಲ್ಲಿ ಮಾಡಿಕೊಳ್ಳುವ ತಿಂಡಿಗಳ ಬಗ್ಗೆ ನಿಮ್ಮ ಶಾಲೆಯಲ್ಲಿ ಕೈಬರಹದ ಪತ್ರಿಕೆ ಮಾಡುತ್ತಿರುವುದು ಒಳ್ಳೆಯದೇ. ಫೋನಿನಲ್ಲಿ ಕೇಳಬಾರದು, ಅಜ್ಜಿಗೆ ಕಾಗದ ಬರೆದೇ ಕೇಳಬೇಕು ಎಂದಿದ್ದು ಇನ್ನೂ ಒಳ್ಳೆಯದು. ಇಲ್ಲಿ ಹೇಗೂ ಗಾಳಿ ಬೀಸಿದರೆ ಸಿಗ್ನಲ್ ಹೋಗುತ್ತದೆ. ಅಲ್ಲದೆ ಫೋನಿನಲ್ಲಿ ಆಡಿದ ಮಾತನ್ನು ಯಾರು ಬೇಕಾದರೂ ನುಂಗಿಕೊಳ್ಳಬಹುದು. ಬರೆದದ್ದು ಹಾಗಲ್ಲ.

ಮೊದಲು ಒಲೆ ಹಚ್ಚದೆ ಮಾಡುವುದನ್ನು ಹೇಳುತ್ತೇನೆ. ನಿನಗೆ ಹತ್ತು ವರ್ಷ, ತಂಗಿ ಮೋನಿಷಾಗೆ ಐದು. ನಿಮ್ಮಮ್ಮ ಡ್ಯೂಟಿಗೆ ಹೋದಾಗ ಗ್ಯಾಸ್ ಮುಟ್ಟಕೂಡದು.

ನಮ್ಮ ಕಿತ್ತಳೆ ಈಗ ಹಣ್ಣಾಗುತ್ತಿದೆ, ಒಂದು ಚೀಲ ಬಸ್ಸಿನಲ್ಲಿ ಕಳಿಸುತ್ತೇನೆ. ತೊಳೆ ಬಿಡಿಸಿ ಬಿಳಿ ನಾರನ್ನೆಲ್ಲ ತೆಗೆ. ತಟ್ಟೆಯಲ್ಲಿ ಹರಡಿ ಮೇಲೆ ಜೇನು ಬಿಡು. ಅದರ ಮೇಲೆ ಎರಡು ಬೆರಳಲ್ಲಿ ಹಿಡಿದಷ್ಟು ಕಾಳುಮೆಣಸಿನ ಪುಡಿ. ಚಳಿಗೆ ಗಂಟಲು ಬಿಚ್ಚುತ್ತದೆ. ಇನ್ನೊಂದು, ಅವಲಕ್ಕಿ ಉಂಡೆ. ತೆಳು ಅವಲಕ್ಕಿಯನ್ನು ಕೈಯಲ್ಲಿ ಹಿಸುಕಿ ಪುಡಿ ಮಾಡಿ, ಅದಕ್ಕೆ ಬೆಲ್ಲದ ಪುಡಿ, ಹಸಿ ಕಾಯಿತುರಿ, ಏಲಕ್ಕಿ ಸೇರಿಸು. ಕಾಯಿಯ ಹಸಿಯೇ ಸಾಕು, ನೀರು ಬೇಡ. ಉಂಡೆ ಕಟ್ಟುವಾಗ ಅಂಗೈ ಒತ್ತಬೇಕು, ಬೆರಳಲ್ಲ. ಬೆರಳಲ್ಲಿ ಕಟ್ಟಿದ ಉಂಡೆ ಒಡೆಯುತ್ತದೆ.

ಹುತ್ತರಿ ಹಬ್ಬಕ್ಕೆ ಬಂದಾಗ ತಂಬಿಟ್ಟು ಕಲಿಸುತ್ತೇನೆ. ಈ ಸಲ ಗದ್ದೆಗೆ ಕಾಡುಹಂದಿಗಳ ಕಾಟ ವಿಪರೀತ. ಮೂರು ಎಕರೆಯಲ್ಲಿ ಒಂದು ಎಕರೆ ನೆಲಸಮ ಮಾಡಿವೆ. ನಿನ್ನ ಪ್ರವೀಣ್ ಚಿಕ್ಕಪ್ಪ ಅವುಗಳ ಹಿಂದೆಯೇ ಬಿದ್ದಿದ್ದಾನೆ. ಮೊನ್ನೆ ಒಳ್ಳೆಯ ಮಾಂಸವನ್ನೂ ತಂದಿದ್ದ.

ನಿನ್ನ ಅಜ್ಜಿ,
ದಮಯಂತಿ ಉತ್ತಯ್ಯ

*

ಕುಶಾಲನಗರ
೮ ನವೆಂಬರ್ ೨೦೨೪

ಪ್ರೀತಿಯ ಅಜ್ಜಿಗೆ ಕವನಾ ಮಾಡುವ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ನೀವು ಕ್ಷೇಮ ಎಂದು ಭಾವಿಸುತ್ತೇನೆ. ಟೀಚರ್ ನಿಮ್ಮ ಕಾಗದವನ್ನು ಕ್ಲಾಸಿನಲ್ಲಿ ಓದಿದರು. "ನಿನ್ನ ಅಜ್ಜಿ ಮುಖ್ಯಮಂತ್ರಿ ಆಗ್ಬೇಕಿತ್ತು ಕಣೇ" ಎಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಕಿತ್ತಳೆ ಚೆನ್ನಾಗಿ ಬಂತು. ಮೋನಿಷಾ ಕಾಳುಮೆಣಸು ಜಾಸ್ತಿ ಹಾಕಿಕೊಂಡು ಅತ್ತಳು, ಆಮೇಲೆ ಅಳುತ್ತಲೇ ಇನ್ನೂ ಮೂರು ತೊಳೆ ತಿಂದಳು. ಅವಲಕ್ಕಿ ಉಂಡೆ ಮೊದಲನೇ ಸಲ ಒಡೆಯಿತು. ನಾನು ಬೆರಳಲ್ಲಿ ಕಟ್ಟಿದ್ದೆ. ಎರಡನೇ ಸಲ ಅಂಗೈಯಲ್ಲಿ ಒತ್ತಿದೆ, ನಿಂತಿತು. ಅಪ್ಪ ಬಸ್ಸು ಓಡಿಸಲು ಹೋಗುವಾಗ ಡಬ್ಬಿಯಲ್ಲಿ ನಾಲ್ಕು ತೆಗೆದುಕೊಂಡು ಹೋದರು. ಕಂಡಕ್ಟರಿಗೂ ಒಂದು ಕೊಟ್ಟರಂತೆ. ಅವರು "ಪುನೀತಣ್ಣ, ನಿಮ್ಮ ಮಗಳಿಗೆ ಬೇಕರಿ ಹಾಕಿಕೊಡಿ" ಎಂದರಂತೆ.

ಅಜ್ಜಿ, ತಂಬಿಟ್ಟಿನ ಬಗ್ಗೆ ಈಗಲೇ ಬರೆದು ಕಳಿಸಿ. ಹುತ್ತರಿ ಆದಮೇಲೆ ಬರೆದರೆ ಪತ್ರಿಕೆಗೆ ಲೇಟಾಗುತ್ತದೆ. ಗದ್ದೆ ಬದುವಿನಲ್ಲಿ ಹುಡುಕಿ ತಿನ್ನುವುದನ್ನೂ ಬರೆಯಿರಿ. ನಾನು ಹೇಳಿದರೆ ಯಾರೂ ನಂಬುವುದಿಲ್ಲ. "ನೆಲದಲ್ಲಿ ಇಟ್ಟದ್ದನ್ನ ತಿಂತೀರಾ?" ಅಂತ ಎಲ್ಲರೂ ನಗ್ತಾರೆ.

ಇಂತಿ ನಿಮ್ಮ ಮೊಮ್ಮಗಳು,
ಕವನಾ ಪುನೀತ್

*

ಕಕ್ಕಬೆ
೧೯ ನವೆಂಬರ್ ೨೦೨೪

ಕವನಾ,

ನಗುವವರಿಗೆ ಇದನ್ನು ಓದಿ ಹೇಳು.

ಕುಸಲಕ್ಕಿಯನ್ನು, ಅಂದರೆ ಭತ್ತ ಬೇಯಿಸಿ ಮಾಡಿದ ಅಕ್ಕಿಯನ್ನು, ಕಬ್ಬಿಣದ ಬಾಣಲೆಯಲ್ಲಿ ಕೆಂಪಾಗಿ ಹುರಿಯಬೇಕು. ಇದು ದೊಡ್ಡವರ ಕೆಲಸ. ಜೊತೆಗೆ ಸ್ವಲ್ಪ ಮೆಂತ್ಯ, ಏಲಕ್ಕಿ. ಆರಿದ ಮೇಲೆ ನುಣ್ಣಗೆ ಬೀಸಿ ಡಬ್ಬಿಯಲ್ಲಿ ಗಟ್ಟಿಯಾಗಿ ಮುಚ್ಚಿಡಬೇಕು. ಇಲ್ಲಿಂದ ಮುಂದೆ ಎಲ್ಲ ಮಕ್ಕಳ ಕೆಲಸ. ಚೆನ್ನಾಗಿ ಕಳಿತ ಬಾಳೆಹಣ್ಣನ್ನು, ಸಿಪ್ಪೆ ಕಪ್ಪಾಗಿರಬೇಕು, ಕೈಯಲ್ಲಿ ಕಿವುಚಿ ಹಿಟ್ಟು ಸೇರಿಸುತ್ತ ಹೋಗು. ಎಷ್ಟು ಹಿಟ್ಟು ಎಂದು ಕೇಳಬೇಡ, ಕೈಗೆ ಅಂಟುವುದು ನಿಲ್ಲುವ ತನಕ. ಮೇಲೆ ತುಪ್ಪ, ಕಾಯಿತುರಿ, ಹುರಿದ ಎಳ್ಳು. ಹಿಟ್ಟಿನ ಪರಿಮಳ ಅಂಗಳದ ಆಚೆಗೂ ಹೋಗುತ್ತದೆ.

ಇನ್ನು ನಮ್ಮ ಮನೆಯ ಪದ್ಧತಿ. ಬೇರೆ ಮನೆಗಳಲ್ಲಿ ಇಲ್ಲ, ಅದಕ್ಕೇ ನಿನ್ನ ಕ್ಲಾಸಿನವರಿಗೆ ಗೊತ್ತಿಲ್ಲ. ಹುತ್ತರಿಯ ಮಾರನೆ ಬೆಳಿಗ್ಗೆ ಮನೆಯ ಹಿರಿಯರು ತಂಬಿಟ್ಟಿನ ಉಂಡೆ ಕಟ್ಟಿ, ಬಾಳೆ ಎಲೆಯ ತುಂಡಿನ ಮೇಲಿಟ್ಟು, ಗದ್ದೆಯ ಬದುಗಳಲ್ಲಿ ಅಲ್ಲಲ್ಲಿ ಹುಲ್ಲಿನ ಮರೆಯಲ್ಲಿ ಇಡುತ್ತಾರೆ. ಅದು ಗುರುಕಾರೋಣರ ಪಾಲು, ಅಂದರೆ ಈ ಮಣ್ಣಿನಲ್ಲಿ ದುಡಿದು ಹೋದ ನಮ್ಮ ಹಿರಿಯರ ಪಾಲು. ಮಕ್ಕಳು ಹುಡುಕಬೇಕು. ಸಿಕ್ಕಿದ್ದನ್ನು ಅಲ್ಲೇ ನಿಂತು ಬಾಯಿಗೆ ಹಾಕಿಕೊಳ್ಳಬೇಕು, ಮನೆಗೆ ತರಬಾರದು, ಮುರಿದು ನೋಡಬಾರದು. ಮಕ್ಕಳ ಬಾಯಿಂದ ಹಿರಿಯರು ತಿನ್ನುತ್ತಾರೆ ಎಂದು ನನ್ನ ಅತ್ತೆ ಹೇಳುತ್ತಿದ್ದರು. ಲೈನಿನ ಮಕ್ಕಳೂ, ನಮ್ಮ ತೋಟದ ಕೆಲಸದವರ ಸಾಲುಮನೆಯ ಮಕ್ಕಳೂ, ಬರುತ್ತಾರೆ. ಅವರೊಂದಿಗೆ ಕಿತ್ತಾಡಕೂಡದು.

ಈ ವಾರ ಮನೆಯಲ್ಲಿ ನೆಮ್ಮದಿ ಇಲ್ಲ. ನಾನು ಹುತ್ತರಿಗೆಂದು ದಸರೆಗೂ ಮೊದಲೇ ಬೀಸಿಟ್ಟ ತಂಬಿಟ್ಟಿನ ಹಿಟ್ಟು ಡಬ್ಬಿಯಲ್ಲಿ ಇಳಿಯುತ್ತಲೇ ಇತ್ತು. ಅಡಿಗೆಮನೆಗೆ ಬರುವವಳು ಬೆಳ್ಳಮ್ಮ ಒಬ್ಬಳೇ. ಕೇಳಿದೆ. "ನಿಮ್ಮ ಹಿಟ್ಟು ತಿಂದು ನಾನು ಯಾವ ಊರು ಉದ್ಧಾರ ಮಾಡ್ಲಿ ಅವ್ವಾ?" ಎಂದಳು. ಆ ಮಾತಿಗೆ ನಾನು ಬಾಗಿಲು ತೋರಿಸಿದೆ. ಹದಿನೇಳು ವರ್ಷ ಈ ಮನೆಯ ಉಪ್ಪು ತಿಂದವಳು. ಈಗ ಲೈನಿನಲ್ಲೇ ಕೂತಿದ್ದಾಳೆ. ಅವಳ ಗಂಡ ಮಾರ ಕಾಫಿ ಕೆಲಸಕ್ಕೆ ಬರುತ್ತಾನೆ, ನನ್ನ ಮುಖ ನೋಡುವುದಿಲ್ಲ. ಅವರ ನಾಯಿ ಚಿನ್ನಿಯೂ ಹೋಯಿತು. ಹೊಳೆ ಪಕ್ಕದ ಬದುವಿನಲ್ಲಿ ಬಿದ್ದಿತ್ತು. ಚಿರತೆ ಇರಬೇಕು.

ನೀವು ಡಿಸೆಂಬರ್ ಹದಿಮೂರನೇ ತಾರೀಕು ಶುಕ್ರವಾರ ಸಂಜೆಯ ಬಸ್ಸಿಗೆ ಬನ್ನಿ. ಸ್ವೆಟರ್ ಮರೆಯಬೇಡಿ.

ನಿನ್ನ ಅಜ್ಜಿ,
ದಮಯಂತಿ ಉತ್ತಯ್ಯ

*

ಕುಶಾಲನಗರ
೨೭ ನವೆಂಬರ್ ೨೦೨೪

ಪೂಜ್ಯ ಅತ್ತೆಯವರಿಗೆ ಶ್ವೇತ ಮಾಡುವ ನಮಸ್ಕಾರ.

ನಾನು ನಿಮಗೆ ಕಾಗದ ಬರೆದು ನಾಲ್ಕು ವರ್ಷವಾಯಿತು. ಯಾಕೆ ಬರೆಯುತ್ತಿರಲಿಲ್ಲ ಎಂಬುದು ನಿಮಗೂ ಗೊತ್ತು, ಅದನ್ನು ಈಗ ಎತ್ತುವುದಿಲ್ಲ. ನೀವು ಮಕ್ಕಳಿಗೆ ಬರೆಯುವ ಕಾಗದಗಳಿಂದ ಕವನಾ ತುಂಬ ಸಂತೋಷವಾಗಿದ್ದಾಳೆ. ಅದಕ್ಕೆ ನಿಮಗೆ ಋಣಿ.

ಆದರೆ ನಿಮ್ಮ ಕೊನೆಯ ಕಾಗದವನ್ನು ಅವಳು ನನಗೆ ಓದಿ ಹೇಳಿದಾಗಿನಿಂದ ಒಂದು ವಿಷಯ ಕೊರೆಯುತ್ತಿದೆ. ಬೆಳ್ಳಮ್ಮನಿಗೆ ನಾನೇ ಫೋನ್ ಮಾಡಿದೆ. ಕವನಾ ಹುಟ್ಟಿದಾಗ ಮೂರು ತಿಂಗಳು ಎತ್ತಿ ಆಡಿಸಿದವಳು, ಕೇಳದೆ ಇರಲಾಗಲಿಲ್ಲ. ಅವಳು ಹಿಟ್ಟಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾಯಿಯ ಬಗ್ಗೆ ಹೇಳಿದಳು. "ಚಿನ್ನಿಗೆ ದವಡೆನೇ ಇರ್ಲಿಲ್ಲ ಶ್ವೇತಮ್ಮ. ಮೂತಿ ಎಲ್ಲ ಕರಟಿ ಹೋಗಿತ್ತು. ಮೈಮೇಲೆ ಒಂದು ಪರಚಿದ ಗಾಯ ಇಲ್ಲ" ಎಂದಳು.

ಅತ್ತೆ, ನಾನು ಹನ್ನೊಂದು ವರ್ಷದಿಂದ ನರ್ಸ್. ಚಿರತೆ ಹಿಡಿದರೆ ಕುತ್ತಿಗೆಗೆ ಹಿಡಿಯುತ್ತದೆ. ಚಿರತೆ ಸುಡುವುದಿಲ್ಲ. ನಮ್ಮ ಆಸ್ಪತ್ರೆಗೆ ಹೋದ ವರ್ಷ ಒಬ್ಬ ಹೆಂಗಸು ಬಂದಿದ್ದಳು. ಯಾರೋ ಹಂದಿಗೆಂದು ಇಟ್ಟ ಸಿಡಿಮದ್ದಿನ ಉಂಡೆಯನ್ನು ಸೌದೆಯ ಜೊತೆ ಎತ್ತಿಕೊಂಡಿದ್ದಳು. ಅವಳ ಕೈಗೆ ಡ್ರೆಸ್ಸಿಂಗ್ ಮಾಡಿದವಳು ನಾನು. ಮಾಡಲು ಕೈಯೇ ಇರಲಿಲ್ಲ.

ಪ್ರವೀಣ್ ನಿಮ್ಮ ಗದ್ದೆಯಲ್ಲಿ ಅಂಥದ್ದನ್ನು ಇಡುತ್ತಿದ್ದಾರಾ? ಇಲ್ಲ ಎಂದಾದರೆ ಇಲ್ಲ ಎಂದು ನಿಮ್ಮ ಕೈಯಲ್ಲಿ ಬರೆದು ಕಳಿಸಿ. ನೀವು ಬರೆದರೆ ನಾನು ನಂಬುತ್ತೇನೆ. ನಂಬಿದ ಮೇಲೆ ಮಕ್ಕಳನ್ನು ಕಳಿಸುತ್ತೇನೆ.

ಇಂತಿ,
ಶ್ವೇತ

*

ಕಕ್ಕಬೆ
೩ ಡಿಸೆಂಬರ್ ೨೦೨೪

ಶ್ವೇತ,

ನಿನ್ನ ಕಾಗದ ಓದಿದೆ. ಈ ಮನೆಯ ಸೊಸೆ ಲೈನಿಗೆ ಫೋನ್ ಮಾಡಿ ಈ ಮನೆಯ ಸುದ್ದಿ ಕೇಳುವ ಕಾಲ ಬಂತು ಎಂದು ತಿಳಿಯಿತು. ಇರಲಿ.

ನೀನು ಕೇಳಿದ್ದನ್ನು ನಾನು ಪ್ರವೀಣನಿಗೆ ನೇರವಾಗಿ ಕೇಳಿದೆ. ಊಟಕ್ಕೆ ಕೂತಿದ್ದ.

"ಗದ್ದೆಲಿ ಎಂಥಾರ್ ಇಟ್ಟಿದ್ದಿಯ?"

"ಎಂಥ ಇಡಿಕೆ ಅವ್ವ?"

"ಹಂದಿಗೆ."

"ಬೆದರುಗೊಂಬೆ ನಿಲ್ಸಿದೆ. ಪಟಾಕಿ ಹೊಡ್ದೆ. ಇನ್ನೆಂಥ?" ತಟ್ಟೆಯಿಂದ ಮುಖ ಎತ್ತಲಿಲ್ಲ. ಆಮೇಲೆ ಎದ್ದು ಬಂದು ನನ್ನ ತಲೆಯ ಮೇಲೆ ಕೈ ಇಟ್ಟ. "ನಿನ್ನಾಣೆ ಇಲ್ಲೆ. ನೀ ಅತ್ತಿಗೆ ಮಾತ್ ಕೇಳಿ ನನ್ನ ನಂಬುದುಲೆಯಾ?"

ಕೈ ತೊಳೆದಿರಲಿಲ್ಲ, ಅನ್ನದ ಕೈಯನ್ನೇ ಇಟ್ಟ. ನನ್ನ ಮಗ ನನ್ನ ತಲೆ ಮುಟ್ಟಿ ಸುಳ್ಳು ಹೇಳುವುದಿಲ್ಲ. ಅವನಿಗೆ ಮೂವತ್ತೆಂಟು ವರ್ಷ. ಅವನ ಅಣ್ಣ ಸ್ಟೀರಿಂಗ್ ಹಿಡಿದು ಊರೂರು ಸುತ್ತುವಾಗ ಈ ಗದ್ದೆಯ ಕೆಸರಿನಲ್ಲಿ ನಿಂತವನು ಅವನು. ಹಂದಿ ತುಳಿದ ಪೈರು ನೋಡಿ ಅವನು ಅತ್ತದ್ದನ್ನು ನಾನು ನೋಡಿದ್ದೇನೆ. ನೀನು ನೋಡಿಲ್ಲ.

ಕೋವಿ ಇರುವ ಮನೆ ಇದು. ಹಿಂದೆ ಹಂದಿ ಹೊಡೆದರೆ ಇಂಥವರೇ ಹೊಡೆದದ್ದು ಎಂದು ಊರಿಗೆಲ್ಲ ಸದ್ದು ಕೇಳುತ್ತಿತ್ತು. ಕದ್ದು ಮದ್ದು ಇಡುವ ಬುದ್ಧಿ ಹೊನ್ನೆಕಜೆಯವರದ್ದಲ್ಲ. ಈ ಮನೆಗೆ ಒಂದು ಮರ್ಯಾದೆ ಇದೆ.

ನೀನು ಬರಹದಲ್ಲಿ ಕೇಳಿದೆ. ಬರಹದಲ್ಲೇ ಕೊಡುತ್ತಿದ್ದೇನೆ: ನಮ್ಮ ಗದ್ದೆಯಲ್ಲಿ ಅಂಥದ್ದೇನೂ ಇಲ್ಲ. ಮಕ್ಕಳನ್ನು ಶುಕ್ರವಾರ ಕಳಿಸು.

ದಮಯಂತಿ ಉತ್ತಯ್ಯ

*

ಕುಶಾಲನಗರ
೬ ಡಿಸೆಂಬರ್ ೨೦೨೪

ಪ್ರೀತಿಯ ಅಜ್ಜಿಗೆ ನಮಸ್ಕಾರಗಳು.

ಅಮ್ಮ ಹೂಂ ಅಂದರು! ನಿಮ್ಮ ಕಾಗದವನ್ನು ಎರಡು ಸಲ ಓದಿ, ಮಡಚಿ ಪರ್ಸಿನಲ್ಲಿ ಇಟ್ಟುಕೊಂಡರು. "ಅಜ್ಜಿ ಬರೆದುಕೊಟ್ಟಿದ್ದಾರೆ, ಹೋಗಿ" ಅಂದರು. ಅಪ್ಪನಿಗೆ ಶುಕ್ರವಾರ ರಜೆ, ಅವರೇ ಕರೆದುಕೊಂಡು ಬರುತ್ತಾರೆ.

ಪತ್ರಿಕೆಗೆ ತಂಬಿಟ್ಟಿನ ಪುಟ ಬರೆದು ಮುಗಿಸಿದೆ. ಚಿತ್ರ ಬೇಕು ಎಂದು ಟೀಚರ್ ಹೇಳಿದರು. ನಾನು ನಿಮ್ಮ ಚಿತ್ರ ಬರೆದೆ, ಮೂಗುತಿ ಕೂಡ ಹಾಕಿದೆ. ಅದರ ಪಕ್ಕದಲ್ಲಿ ಚಿಕ್ಕಪ್ಪನನ್ನೂ ಬರೆದೆ. ಯಾಕೆ ಗೊತ್ತಾ? ಚಿಕ್ಕಪ್ಪನಿಗೂ ತಂಬಿಟ್ಟು ಮಾಡಲು ಬರುತ್ತದೆ! ನಿಮಗೆ ಗೊತ್ತಿಲ್ಲ ಅಂದುಕೊಂಡಿದ್ದೇನೆ. ದಸರಾ ರಜೆಯಲ್ಲಿ ಬಂದಾಗ ನಾನು ನೋಡಿದೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಹಳೇ ಪಲ್ಪರ್ ಶೆಡ್ಡಿನಲ್ಲಿ ಕೂತು ಮಾಡುತ್ತಿದ್ದರು. ನಿಮ್ಮ ಹಿಟ್ಟಿನ ಹಾಗೇ ಪರಿಮಳ. ಬಾಳೆಹಣ್ಣೂ ಇತ್ತು. ಒಳಗೆ ಏನೋ ಇಟ್ಟು ನೂಲು ಸುತ್ತಿ ಅದರ ಮೇಲೆ ಮೆತ್ತುತ್ತಿದ್ದರು, ತುಂಬ ನಿಧಾನ. ನಾನು ಒಂದು ಕೇಳಿದ್ದಕ್ಕೆ ಚಿಕ್ಕಪ್ಪ ಎಷ್ಟು ಜೋರಾಗಿ ಕಿರುಚಿದರು ಅಂದರೆ ನನಗೆ ಅಳು ಬಂತು. ಆಮೇಲೆ ಸಮಾಧಾನ ಮಾಡಿ, "ಇದ್ ನಿಂಗಲ್ಲ ಮಗ, ಗುರುಕಾರೋಣಂಗೆ. ಅಜ್ಜಿಗೆ ಹೇಳ್ಬೇಡ, ಅಜ್ಜಿಗೆ ಸರ್ಪ್ರೈಸ್" ಎಂದರು.

ಸಂಜೆ ನಾನು ಅಟ್ಟದ ಕಿಟಕಿಯಿಂದ ನೋಡಿದೆ. ಹೊಳೆ ಪಕ್ಕದ ಬದುವಿನಲ್ಲಿ ಎಲೆ ಹಾಕಿ ಇಡುತ್ತಿದ್ದರು. ಹಾಗಾಗಿ ಈ ಸಲ ಎಲ್ಲಿ ಹುಡುಕಬೇಕು ಎಂದು ನನಗೆ ಗೊತ್ತು! ಮೋನಿಷಾಗೂ ಹೇಳಿಕೊಟ್ಟಿದ್ದೇನೆ. ಅವಳು ಯಾವಾಗಲೂ ಸೋಲುತ್ತಾಳೆ, ಈ ಸಲ ಅವಳೇ ಮೊದಲು ಓಡಲಿ.

ಚಿಕ್ಕಪ್ಪನಿಗೆ ನಾನು ಹೇಳಿದೆ ಎಂದು ಹೇಳಬೇಡಿ.

ನಿಮ್ಮ ಕವನಾ

*

ಕಕ್ಕಬೆ
೧೦ ಡಿಸೆಂಬರ್ ೨೦೨೪

ಶ್ವೇತ,

ಮಕ್ಕಳನ್ನು ಕಳಿಸಬೇಡ.

ಅಂಗಡಿಯಿಂದ ಮೂರು ಸಲ ಫೋನ್ ಮಾಡಿದೆ, ನೀನು ಡ್ಯೂಟಿಯಲ್ಲಿದ್ದೆ. ಪುನೀತನ ಫೋನ್ ಹತ್ತಲಿಲ್ಲ. ಈ ಕಾಗದವನ್ನು ಸಂಜೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಡುತ್ತಿದ್ದೇನೆ, ಆಸ್ಪತ್ರೆಗೇ ತಲುಪಿಸಲು ಹೇಳಿದ್ದೇನೆ.

ಪುನೀತನೂ ಬರುವುದು ಬೇಡ. ಕಾರಣ ಆಮೇಲೆ ಬರೆಯುತ್ತೇನೆ. ಕವನಾಳನ್ನು ಬೈಯಬೇಡ, ಏನನ್ನೂ ಕೇಳಬೇಡ. ಅಜ್ಜಿಗೆ ಮೈಗೆ ಹುಷಾರಿಲ್ಲ ಎಂದು ಹೇಳು.

ಮೂರನೇ ತಾರೀಕು ನಾನು ಬರೆದುಕೊಟ್ಟ ಕಾಗದ ನಿನ್ನ ಹತ್ತಿರ ಇದೆಯಂತೆ. ಅದನ್ನು ಹರಿಯಬೇಡ, ಇಟ್ಟುಕೋ.

ದಮಯಂತಿ

*

ಕಕ್ಕಬೆ
೧೭ ಡಿಸೆಂಬರ್ ೨೦೨೪

ಶ್ವೇತ,

ಇದನ್ನು ಮಕ್ಕಳು ಮಲಗಿದ ಮೇಲೆ ಓದು. ಪುನೀತನಿಗೂ ಓದಲು ಕೊಡು.

ಕವನಾಳ ಕಾಗದ ಹತ್ತನೇ ತಾರೀಕು ಮಧ್ಯಾಹ್ನ ನನ್ನ ಕೈ ಸೇರಿತು. ಅದನ್ನು ಓದಿ ಮುಗಿಸಿದವಳೇ ಪಲ್ಪರ್ ಶೆಡ್ಡಿಗೆ ಹೋದೆ. ಬೀಗ ಹಾಕಿತ್ತು. ನಿನಗೆ ಬರೆದದ್ದನ್ನು ಬಸ್ಸಿಗೆ ಕೊಟ್ಟು ಬಂದು, ಪ್ರವೀಣ್ ಬರುವ ತನಕ ಶೆಡ್ಡಿನ ಮೆಟ್ಟಿಲಲ್ಲೇ ಕೂತೆ. ನನ್ನನ್ನು ಅಲ್ಲಿ ಕಂಡವನೇ ಬೀಗ ತೆಗೆದ.

ನನ್ನ ತಂಬಿಟ್ಟಿನ ಹಿಟ್ಟು ಒಂದು ಪೇಂಟ್ ಡಬ್ಬಿಯಲ್ಲಿ ಅರ್ಧ ತುಂಬಿತ್ತು. ಒಳಗೆ ಹುತ್ತರಿಯ ಅಡಿಗೆಮನೆಯದೇ ವಾಸನೆ, ಅದರ ಅಡಿಯಲ್ಲಿ ಪಟಾಕಿಯದು.

"ಹಂದಿಗೆ ಈ ಹಿಟ್ಟ್ ಅಂದ್ರೆ ಜೀವ ಅವ್ವ," ಎಂದ. "ಬೇರೆ ಎಂಥ ಇಟ್ಟರೂ ಮೂಸಿ ಹೋದವು."

"ಎಷ್ಟ್ ಇಟ್ಟಿದ್ದಿಯ?"

"ಒಂಬತ್ತ್."

"ಹೋಗಿ ತಾ."

ಕತ್ತಲಾಗುವ ಮೊದಲು ಏಳನ್ನು ತಂದ. ಅಂಗೈ ತುಂಬುವ ಉಂಡೆಗಳು. ಒಳ್ಳೆಯ ಕೈಯಲ್ಲಿ ಕಟ್ಟಿದವು, ಒಂದೂ ಬಿರುಕಿಲ್ಲ. ನನ್ನ ಮುಂದೆ ಇಟ್ಟಿದ್ದರೆ ನಾನೇ ಗುರುತು ಹಿಡಿಯುತ್ತಿರಲಿಲ್ಲ.

"ಇನ್ನೆರಡ್?"

"ಇಟ್ಟಲ್ಲಿ ಇಲ್ಲೆ. ಹಂದಿ ತಿಂದಿರ್ದು."

"ತಿಂದಿದ್ರೆ ಸದ್ದ್ ಕೇಳಿತ್ತಾ?"

ಅವನು ಏಳನ್ನೂ ಮತ್ತೊಮ್ಮೆ ಎಣಿಸಿದ. ಆಮೇಲೆ, "ಕೇಳಿತ್ಲೆ" ಎಂದ.

ಹಂದಿ ಮೂತಿಯಲ್ಲಿ ದೂಡಿರಬಹುದು. ನರಿ ಕಚ್ಚಿಕೊಂಡು ಹೋಗಿ ಎಲ್ಲೋ ಬಿಟ್ಟಿರಬಹುದು. ನೀರಿನ ಕಾಲುವೆಯಲ್ಲಿ ಉರುಳಿರಬಹುದು. ಕೊಯ್ಲಿಗೆ ನಿಂತ ಗದ್ದೆಯಲ್ಲಿ ಸೊಂಟದೆತ್ತರ ಪೈರು. ಎಲ್ಲಿ ಎಂದು ಹುಡುಕುವುದು?

ನಾನು ಠಾಣೆಗೆ ಹೋಗುತ್ತೇನೆ ಎಂದೆ. ಅವನು ನನ್ನ ಕಾಲ ಬುಡದಲ್ಲಿ ಕೂತ. "ಹಂದಿಗೆ ಇಟ್ಟದ್ ಅವ್ವ, ಮನ್ಷಂಗೆ ಅಲ್ಲ. ನಾನೇ ಹುಡ್ಕುವೆ. ಹುತ್ತರಿ ಕಳಿಲಿ. ಊರಿಗೆ ಗೊತ್ತಾದ್ರೆ ಮನೆ ಮರ್ಯಾದೆ ಎಂಥ ಆದು?"

ಆ ಮಾತು ನನ್ನದು. ನಿನಗೆ ಬರೆದ ಕಾಗದದಲ್ಲಿ ಅದೇ ಮಾತು ಇತ್ತು. ಅದಕ್ಕೇ ನನ್ನ ಬಾಯಿ ಕಟ್ಟಿತು. ಮಕ್ಕಳು ಹೇಗೂ ಬರುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಾಲ್ಕು ದಿನ, ಶ್ವೇತ, ನಾನು ಬಾಯಿ ಮುಚ್ಚಿಕೊಂಡಿದ್ದೆ. ಅವನು ಬೆಳಗಿನಿಂದ ಸಂಜೆಯ ತನಕ ಉದ್ದನೆಯ ಕೋಲು ಹಿಡಿದು ಬದು ಬದು ಅಲೆದ. ನಾನು ಜಗಲಿಯಲ್ಲಿ ಕೂತು ಅವನನ್ನು ನೋಡುತ್ತಿದ್ದೆ. ಪ್ರತಿ ಸಲ ಅವನು ಬಗ್ಗಿದಾಗ ನನ್ನ ಎರಡು ಕಿವಿಯನ್ನೂ ಮುಚ್ಚಿಕೊಳ್ಳುತ್ತಿದ್ದೆ. ಯಾರಾದರೂ ಏನು ಹುಡುಕುತ್ತಿದ್ದಾನೆ ಎಂದು ಕೇಳಿದರೆ ಕತ್ತಿ ಕಳೆದುಹೋಗಿದೆ ಎಂದೆ.

ಹುತ್ತರಿಯ ದಿನ ಮಧ್ಯಾಹ್ನ ಲೈನಿನ ಮಕ್ಕಳು ಅಂಗಳಕ್ಕೆ ಬಂದವು, ಆರೇಳು ಮಕ್ಕಳು. ಮುಂದೆ ನಿಂತವಳು ಬೆಳ್ಳಮ್ಮನ ಮೊಮ್ಮಗಳು ರಶ್ಮಿತಾ. ಆರು ವರ್ಷ, ಮುಂದಿನ ಎರಡು ಹಲ್ಲಿಲ್ಲ. ತನ್ನಜ್ಜಿಯನ್ನು ನಾನು ಹೊರಗೆ ಹಾಕಿದ್ದು ಅವಳಿಗೆ ಗೊತ್ತಿಲ್ಲವೋ, ಗೊತ್ತಿದ್ದೂ ತಂಬಿಟ್ಟಿನ ಆಸೆಗೆ ಬಂದಳೋ.

"ಅವ್ವಾ, ನಾಳೆ ಪಾಲು ಇಡ್ತೀರಲ್ಲಾ?" ಎಂದಳು.

"ಇಲ್ಲ," ಎಂದೆ.

"ಸುಳ್ಳು. ಪ್ರವೀಣಣ್ಣ ದಿನಾ ಗದ್ದೆಲಿ ಇಡ್ತಾ ಇದ್ದಾರೆ. ನಾವು ನೋಡಿದ್ದೀವಿ." ಹಿಂದೆ ನಿಂತವರೆಲ್ಲ ಕಿಸಕ್ಕನೆ ನಕ್ಕರು. "ನಾವು ಬೆಳಕು ಹರಿಯೋ ಮೊದ್ಲೇ ಬರ್ತೀವಿ. ಕವನಕ್ಕ ಬರೋದ್ರೊಳಗೆ ಎಲ್ಲಾ ನಮ್ದೇ."

ನನ್ನ ಮೊಮ್ಮಕ್ಕಳನ್ನು ಬರಬೇಡಿ ಎಂದು ಬಸ್ಸಿನಲ್ಲಿ ಕಾಗದ ಕಳಿಸಿದ್ದೆ. ನೂರು ಹೆಜ್ಜೆ ದೂರದ ಲೈನಿಗೆ ಒಂದು ಮಾತು ಹೇಳಿರಲಿಲ್ಲ. ಹೇಳಿದರೆ ಯಾಕೆ ಎಂದು ಕೇಳುತ್ತಾರೆ ಎಂದು. ಆ ಮಕ್ಕಳಿಗೆ ನೆಲದಲ್ಲಿ ಸಿಕ್ಕಿದ್ದನ್ನು ಮುರಿದು ನೋಡದೆ ಬಾಯಿಗೆ ಹಾಕಿಕೊಳ್ಳಲು ಕಲಿಸಿದವಳು ನಾನು.

ನಾನು ಮಕ್ಕಳನ್ನೆಲ್ಲ ಒಳಗೆ ಕರೆದು ಅಡಿಗೆಮನೆಯಲ್ಲಿ ಕೂರಿಸಿದೆ. ಇದ್ದ ಹಿಟ್ಟು, ಬಾಳೆಹಣ್ಣು, ಬೆಲ್ಲ ಎಲ್ಲವನ್ನೂ ಮುಂದೆ ಇಟ್ಟು ನೀವೇ ಕಲಸಿ, ನೀವೇ ತಿನ್ನಿ ಎಂದೆ. ನಾನು ಬರುವ ತನಕ ಒಬ್ಬರೂ ಹೊಸಿಲು ದಾಟಬಾರದು ಎಂದು ಹೊರಗಿನಿಂದ ಚಿಲಕ ಹಾಕಿದೆ. ಆಮೇಲೆ ಲೈನಿಗೆ ಹೋದೆ. ಈ ಇಪ್ಪತ್ತಾರು ವರ್ಷಗಳಲ್ಲಿ ಲೈನಿನ ಬಾಗಿಲಿಗೆ ನಾನು ಹೋದದ್ದು ಅದೇ ಮೊದಲು. ಬೆಳ್ಳಮ್ಮ ಬಟ್ಟೆ ಒಗೆಯುತ್ತಿದ್ದಳು.

"ಹಿಟ್ಟು ಕದ್ದವನು ನನ್ನ ಮಗ," ಎಂದೆ. "ನಿಮ್ಮ ಚಿನ್ನಿಯನ್ನು ಕೊಂದವನೂ ಅವನೇ. ಗದ್ದೆಯಲ್ಲಿ ಇನ್ನೂ ಎರಡು ಬಿದ್ದಿವೆ. ಮಕ್ಕಳು ನನ್ನ ಅಡಿಗೆಮನೆಯಲ್ಲಿ ಇದ್ದಾರೆ, ಹೋಗಿ ಕಾಯಿ. ಯಾರನ್ನೂ ಗದ್ದೆಗೆ ಇಳಿಯಲು ಬಿಡಬೇಡ."

ಅವಳು ಒಗೆಯುತ್ತಿದ್ದ ಬಟ್ಟೆಯನ್ನು ಹಾಗೇ ಬಿಟ್ಟು ಎದ್ದಳು. ಬಾ ಎನ್ನಲಿಲ್ಲ, ಕೂರಿ ಎನ್ನಲಿಲ್ಲ. "ನಾಯಿ ಸತ್ತ ದಿನನೇ ಮಾರ ನಿಮ್ಮ ಜಗಲಿ ತನಕ ಬಂದಿದ್ದ ಅವ್ವಾ," ಎಂದಳು. "ನೀವು ಚಿರತೆ ಅಂದ್ರಿ." ಅಷ್ಟು ಹೇಳಿ ನನ್ನನ್ನು ದಾಟಿ ಮನೆಯ ಕಡೆ ಓಡಿದಳು.

ಮಾರ ಜೀಪಿನವನನ್ನು ಕರೆದು ತಂದ. ನಾನು ಠಾಣೆಗೆ ಹೋದೆ. ಅಲ್ಲಿಂದ ಫಾರೆಸ್ಟ್‌ನವರಿಗೂ ಹೇಳಿ ಕಳಿಸಿದರು. ಸಂಜೆಯೊಳಗೆ ಸಿಕ್ಕ ಏಳನ್ನೂ ಒಯ್ದು, ಗದ್ದೆಯ ಸುತ್ತ ಕೆಂಪು ಬಟ್ಟೆ ಕಟ್ಟಿದರು. ಹುತ್ತರಿಯ ಕದಿರು ತೆಗೆಯಲು ಊರಿನವರೆಲ್ಲ ಅವರವರ ಗದ್ದೆಗೆ ಇಳಿದಾಗ ಹೊನ್ನೆಕಜೆಯವರು ಇಳಿಯಲಿಲ್ಲ. ನೆರೆಮನೆಯವರು ಒಂದು ಹಿಡಿ ಕದಿರು ತಂದು ಜಗಲಿಯ ಮೇಲಿಟ್ಟು, ಒಳಗೆ ಬಾರದೆ ಹೋದರು.

ಮಾರನೆ ದಿನ ಮದ್ದು ಪತ್ತೆ ಮಾಡುವ ನಾಯಿಯನ್ನು ತಂದರು. ಒಂದು ಸಿಕ್ಕಿತು, ಲೈನಿನ ಮಕ್ಕಳು ನೀರು ತರುವ ದಾರಿಯಲ್ಲಿ, ಲಂಟಾನದ ಬುಡದಲ್ಲಿ. ಇನ್ನೊಂದು ಈ ಕಾಗದ ಬರೆಯುವ ಹೊತ್ತಿಗೂ ಸಿಕ್ಕಿಲ್ಲ. ಪೈರು ಒಣಗಿ ಉದುರುತ್ತಿದೆ. ಉದುರಲಿ ಎಂದಿದ್ದೇನೆ. ಅದು ಸಿಗುವ ತನಕ ಆ ಗದ್ದೆಗೆ ಕತ್ತಿ ಇಳಿಯುವುದಿಲ್ಲ. ಆ ದಾರಿ ಕಾಯಲು ಮಾರ, ನಾನು ಸರದಿಯ ಮೇಲೆ ಕೂರುತ್ತೇವೆ. ಅವನು ಈಗಲೂ ನನ್ನೊಂದಿಗೆ ಮಾತಾಡುವುದಿಲ್ಲ.

ಠಾಣೆಯಲ್ಲಿ ಏನಾಯಿತು ಎಂದು ಪುನೀತ ಕೇಳುತ್ತಾನೆ. ಬರೆಯುತ್ತೇನೆ.

ಅಲ್ಲಿನ ಸಾಹೇಬರು ಒಳ್ಳೆಯವರು. ಕುರ್ಚಿ ಕೊಟ್ಟರು. "ಅಮ್ಮಾ, ಯಾರೋ ಇಟ್ಟಿದ್ದಾರೆ ಅಂತ ಬರೆದುಕೊಡಿ ಸಾಕು, ನಾವು ನೋಡ್ಕೋತೀವಿ. ನಿಮ್ಮ ಮನೆತನ ನಮಗೆ ಗೊತ್ತಿಲ್ವಾ?" ಎಂದರು. ನಾನು ಕಾಗದ ಕೇಳಿ ನನ್ನ ಕೈಯಲ್ಲೇ ಬರೆದೆ. ಇಟ್ಟವನು ನನ್ನ ಎರಡನೇ ಮಗ ಪ್ರವೀಣ್ ಎಂದು ಬರೆದೆ. ಅವನು ತಂದ ಮಾಂಸವನ್ನು ಎಲ್ಲಿಂದ ಎಂದು ಕೇಳದೆ ಬೇಯಿಸಿದವಳು ನಾನು ಎಂದು ಬರೆದೆ. ನಾಯಿಯ ಮೂತಿಯನ್ನು ನಾನೇ ಕಣ್ಣಾರೆ ಕಂಡಿದ್ದೆ, ಕಂಡೂ ಚಿರತೆ ಎಂದೆ, ಅದನ್ನೂ ಬರೆದೆ. ಸೊಸೆ ಕೇಳಿದಾಗ ಇಲ್ಲ ಎಂದು ಬರೆದುಕೊಟ್ಟದ್ದನ್ನೂ, ಆ ಕಾಗದ ನಿನ್ನ ಹತ್ತಿರ ಇದೆ ಎಂಬುದನ್ನೂ ಬರೆದೆ. ಅವರು ಕೇಳಲು ಬಂದರೆ ಕೊಡು. ಸಾಹೇಬರು ಓದಿ, "ಇಷ್ಟೆಲ್ಲ ಬೇಕಿತ್ತಾ ಅಮ್ಮಾ? ಇದ್ರಲ್ಲಿ ನಿಮ್ಮ ಮೇಲೂ ಬರುತ್ತೆ" ಎಂದರು. ಬರಲಿ ಎಂದೆ.

ಪ್ರವೀಣ್ ಓಡಿಹೋಗಲಿಲ್ಲ. ಪೊಲೀಸ್ ಜೀಪು ಬಂದಾಗ ಗದ್ದೆಯಲ್ಲೇ ಇದ್ದ, ಕೋಲು ಕೈಯಲ್ಲೇ ಇತ್ತು. ಹತ್ತುವಾಗ, "ನೀನೇ ಬರ್ದ್ ಕೊಟ್ಟದಾ ಅವ್ವ?" ಎಂದು ಒಂದೇ ಮಾತು ಕೇಳಿದ. ಹೌದು ಎಂದೆ.

ತಮ್ಮನನ್ನು ಬಿಡಿಸಲು ಜಾಮೀನಿಗೆ ಓಡಾಡಬೇಕು ಎಂದು ಪುನೀತನಿಗೆ ಅನ್ನಿಸುತ್ತದೆ. ಅವನು ಅಣ್ಣ, ನಾನು ತಡೆಯುವುದಿಲ್ಲ. ಆದರೆ ನನ್ನ ಸಹಿ ಕೇಳಲು ಬರುವುದು ಬೇಡ. ಈ ಮನೆಯ ಆಸ್ತಿಪತ್ರವನ್ನು ಪ್ರವೀಣನ ಜಾಮೀನಿಗೆ ಕೊಡುವುದಿಲ್ಲ ಎಂದು ಆ ಕಾಗದದ ಕೊನೆಯಲ್ಲೇ ಬರೆದು, ಕೆಳಗೆ ಹೆಸರು ಹಾಕಿ, ಸಾಹೇಬರ ಮೇಜಿನ ಮೇಲಿಟ್ಟು ಬಂದಿದ್ದೇನೆ.

ದಮಯಂತಿ ಉತ್ತಯ್ಯ